ಪಟ್ಟಿಯಲ್ಲಿ ಹೆಸರಿದ್ದರೂ ಕಂಪ್ಯೂಟರಿಗೆ ಸಿಗೋದಿಲ್ಲ, ಯಾಕೆ?

ಯುಎಇಯಲ್ಲಿ 2009ರಿಂದ ಡಬ್ಲ್ಯುಪಿಎಸ್, ಅಂದರೆ ವೇತನ ಸಂರಕ್ಷಣಾ ವ್ಯವಸ್ಥೆ ಇದೆ. ಕಾರ್ಮಿಕರ ಸಂಬಳದ ವಿವರವನ್ನು ಕಂಪನಿಗಳು ಫೈಲ್ ಮಾಡಿ ಬ್ಯಾಂಕಿಗೋ ಎಕ್ಸ್‌ಚೇಂಜ್‌ಗೋ ಕಳಿಸುತ್ತವೆ. ಕಳಿಸುವ ಮುಂಚೆ ಎಲ್ಲರ ಹೆಸರೂ ಬಂದಿದೆಯಾ ಎಂದು ನೋಡಲು ಪೈಥಾನ್ ಅನುಕೂಲ. ಅದು ಹುಡುಕುವ ರೀತಿ ತಿಳಿಯದಿದ್ದರೆ ಮಾತ್ರ ಯಾರದೋ ಸಂಬಳ ತಪ್ಪಿಹೋದೀತು.

ಮೂರು ದಾರಿ

'ಇನ್' ಎಂದು ಬರೆದರೆ ಆ ಹೆಸರು ಸಾಲಿನಲ್ಲಿದೆಯೋ ಇಲ್ಲವೋ ಅಷ್ಟೇ ಹೇಳುತ್ತದೆ: ಟ್ರೂ ಅಥವಾ ಫಾಲ್ಸ್.

'ಫೈಂಡ್' ಎಷ್ಟನೇ ಅಕ್ಷರದಲ್ಲಿ ಸಿಕ್ಕಿತು ಎಂದು ಹೇಳುತ್ತದೆ. ಎಣಿಕೆ ಶುರುವಾಗೋದು 0ಯಿಂದ. ಸಿಗದಿದ್ದರೆ ಉತ್ತರ -1.

'ಇಂಡೆಕ್ಸ್' ಸಹ ಹಾಗೇ. ಆದರೆ ಸಿಗದಿದ್ದರೆ ಎರರ್ ಕೊಟ್ಟು ಪ್ರೋಗ್ರಾಂ ನಿಲ್ಲುತ್ತದೆ.

ಹೊಸಬರು ಎಡವೋದು 'ಫೈಂಡ್'ನಲ್ಲಿ. 'ಇಫ್' ಮುಂದೆ ಬರೀ 'ಫೈಂಡ್' ಹಾಕಿದರೆ ಪೈಥಾನ್ 0ಯನ್ನು 'ಇಲ್ಲ' ಎಂದೂ, -1 ಅನ್ನು 'ಹೌದು' ಎಂದೂ ತಿಳಿಯುತ್ತದೆ. ಆಗ ಸಾಲಿನ ಮೊದಲಲ್ಲೇ ಇರುವ ಹೆಸರು ಇಲ್ಲವಾಗುತ್ತದೆ, ಪಟ್ಟಿಯಿಂದ ಬಿಟ್ಟುಹೋದವನ ಹೆಸರು ಇದೆ ಎಂದಾಗುತ್ತದೆ! ಇದೆಯೋ ಇಲ್ಲವೋ ಅಷ್ಟೇ ಬೇಕಿದ್ದರೆ 'ಇನ್' ಸಾಕು.

ಹೆಸರಿನ ತೊಂದರೆ

ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರ ಪೈಥಾನಿಗೆ ಬೇರೆ ಬೇರೆ. ಎರಡೂ ಕಡೆ 'ಲೋವರ್' ಹಾಕಿದರೆ ಅದು ಸರಿಹೋಗುತ್ತದೆ. ಆದರೆ ಮೊಹಮ್ಮದ್ ಎಂಬ ಹೆಸರನ್ನು ಒಬ್ಬರು ಒಂದು 'ಎಂ' ಹಾಕಿ ಬರೆದರೆ ಇನ್ನೊಬ್ಬರು ಎರಡು ಹಾಕುತ್ತಾರೆ. ಓದುವವರಿಗೆ ಎರಡೂ ಒಂದೇ, ಪೈಥಾನಿಗೆ ಅಲ್ಲ. ಇನ್ನೊಂದು ಕಡೆ, ಅಲಿ ಎಂದು ಹುಡುಕಿದರೆ ಖಾಲಿದ್, ಸಲೀಂ ಕೂಡ ಬರಬಹುದು; ಆ ಹೆಸರುಗಳ ಇಂಗ್ಲಿಷ್ ಸ್ಪೆಲ್ಲಿಂಗ್ ಒಳಗೆ ಅದೇ ಮೂರು ಅಕ್ಷರ ಇವೆ.

ಅದಕ್ಕೇ ಎಮಿರೇಟ್ಸ್ ಐಡಿ ನಂಬರ್ ಹಿಡಿದು ಹುಡುಕೋದು ಒಳ್ಳೆಯದು. 784ರಿಂದ ಶುರುವಾಗುವ 15 ಅಂಕಿಯ ಈ ನಂಬರ್ ಒಬ್ಬೊಬ್ಬರಿಗೆ ಒಂದೊಂದು. ಕಾರ್ಡಿನಲ್ಲಿ ಮಧ್ಯೆ ಗೆರೆಗಳಿರುತ್ತವೆ, ಫೈಲಿನಲ್ಲಿ ಇಲ್ಲದಿರಬಹುದು. ಮೊದಲು 'ರಿಪ್ಲೇಸ್' ಬಳಸಿ ಗೆರೆ ತೆಗೆಯಬೇಕು, ಆಮೇಲೆ ಪೂರ್ತಿ ನಂಬರನ್ನೇ ಹೋಲಿಸಬೇಕು.

ಕೆಲಸಗಾರರಿಗೂ ಒಂದು ಮಾತು. ಸಂಬಳ ಬರಲಿಲ್ಲ ಎಂದು ಆಫೀಸಿಗೆ ಮೆಸೇಜ್ ಹಾಕುವಾಗ ಬರೀ ಹೆಸರು ಬರೆದರೆ ಸಾಲದು. ಐಡಿ ನಂಬರನ್ನೂ ಸರಿಯಾಗಿ ನೋಡಿ ಬರೆಯಿರಿ. 'ಪಟ್ಟಿಯಲ್ಲಿ ನಿಮ್ಮ ಹೆಸರೇ ಇಲ್ಲ' ಎಂದು ಉತ್ತರ ಬಂದರೆ, 'ನಂಬರ್ ಹಾಕಿ ನೋಡಿ ಸಾರ್' ಎಂದು ಕೇಳಿ.