ಒಂಟಿ ಮನೆಯ ಗೃಹಿಣಿಗೆ ಯಾವುದು ಒಳ್ಳೆ ಆಯುಧ?

ಮಗ ಬೆಂಗಳೂರಿನಲ್ಲಿ, ಮಗಳು ಗಂಡನ ಮನೆಯಲ್ಲಿ. ಅಡಿಕೆ ಮಂಡಿಗೆಂದು ಹೋದ ಯಜಮಾನರು ಕೊನೆಯ ಬಸ್ಸಿಗೆ ಬಂದರೆ ಬಂದರು, ಇಲ್ಲದಿದ್ದರೆ ನಾಳೆಯೇ. ಪಕ್ಕದ ಮನೆ ಎಂದರೆ ತೋಟ ದಾಟಿ, ಗುಡ್ಡ ಹತ್ತಿಳಿದ ಮೇಲೆ. ಅಷ್ಟರಲ್ಲಿ ಕರೆಂಟು ಹೋಗುತ್ತದೆ. ಕೊಟ್ಟಿಗೆ ಕಡೆ ಏನೋ ಸದ್ದು... ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಎಷ್ಟೋ ಗೃಹಿಣಿಯರಿಗೆ ಇದು ಸಿನಿಮಾ ದೃಶ್ಯವಲ್ಲ, ಮಾಮೂಲಿ ಸಂಜೆ.

‘ಒಂದು ಕೋವಿ ಇದ್ದಿದ್ರೆ ಧೈರ್ಯ ಇರ್ತಿತ್ತು’ ಅನ್ನುವವರಿದ್ದಾರೆ. ‘ತಲೆದಿಂಬಿನ ಅಡೀಲಿ ಕತ್ತಿ ಇಟ್ಕೊಂಡೇ ಮಲಗೋದು ಮಾರಾಯ್ತಿ’ ಅನ್ನುವವರೂ ಇದ್ದಾರೆ. ಪೇಟೆಯಲ್ಲಿ ಓದುವ ಮಗಳು ಪೆಪ್ಪರ್ ಸ್ಪ್ರೇ ತಂದುಕೊಟ್ಟು ‘ಇಟ್ಕೋ ಅಮ್ಮಾ’ ಅಂದಿರಬಹುದು. ಇವುಗಳಲ್ಲಿ ನಿಜಕ್ಕೂ ಕೆಲಸಕ್ಕೆ ಬರುವುದು ಯಾವುದು?

ಈ ಮೂರೂ ತಾಲ್ಲೂಕುಗಳ ಹೆಣ್ಣುಮಕ್ಕಳಿಗೆ ಧೈರ್ಯದ ಪಾಠ ಹೊರಗಿನಿಂದ ಬರಬೇಕಿಲ್ಲ. ಸಾಗರದ ಕೆಳದಿ-ಇಕ್ಕೇರಿ, ಹೊಸನಗರದ ಬಿದನೂರು, ತೀರ್ಥಹಳ್ಳಿಯ ಕವಲೇದುರ್ಗ, ಇವೆಲ್ಲ 17ನೇ ಶತಮಾನದಲ್ಲಿ ಔರಂಗಜೇಬನ ಸೈನ್ಯಕ್ಕೂ ಜಗ್ಗದ ರಾಣಿ ಚೆನ್ನಮ್ಮನ ಸೀಮೆ. ಆದರೆ ಆಕೆಗೆ ಸೈನ್ಯವಿತ್ತು, ನಮಗಿಲ್ಲ! ನಮಗೆ ಹತ್ತಿರದವಳು ಚಿತ್ರದುರ್ಗದ ಓಬವ್ವ. ಆಕೆ ಆಯುಧ ಹುಡುಕಿಕೊಂಡು ಹೋಗಲಿಲ್ಲ. ದಿನಾ ಭತ್ತ ಕುಟ್ಟಿ ಕೈಗೆ ಒಗ್ಗಿದ್ದ ಒನಕೆಯನ್ನೇ ಎತ್ತಿಕೊಂಡಳು. ನಾವು ಕಲಿಯಬೇಕಾದ ಪಾಠ ಇದೇ. ಕೈಗೆ ಒಗ್ಗಿದ್ದೇ ಆಯುಧ, ಒಗ್ಗದ್ದು ಬರೀ ಭಾರ.

ನಾಲ್ಕು ಪ್ರಶ್ನೆ ಕೇಳಿಕೊಳ್ಳಿ

ಯಾವ ವಸ್ತುವನ್ನೇ ಆರಿಸಿ, ಮೊದಲು ಇಷ್ಟು ಯೋಚಿಸಿ. ಕತ್ತಲಲ್ಲಿ ತಡವರಿಸದೆ ಕೈಗೆ ಸಿಗುತ್ತದೆಯೇ? ಹೆದರಿ ಕೈ ನಡುಗುವಾಗಲೂ ಬಳಸಲು ಬರುತ್ತದೆಯೇ? ಎದುರಿನವನು ಕಿತ್ತುಕೊಂಡರೆ ನಿಮ್ಮ ಗತಿಯೇನು? ನಾಳೆ ಪೊಲೀಸರು ಕೇಳಿದರೆ ಉತ್ತರ ಇದೆಯೇ?

ಮೂರನೆಯ ಪ್ರಶ್ನೆಯನ್ನು ಬಹಳ ಜನ ಕೇಳಿಕೊಳ್ಳುವುದೇ ಇಲ್ಲ. ದಿಂಬಿನಡಿಯ ಕತ್ತಿ ಸೋಲುವುದು ಇಲ್ಲೇ. ಕತ್ತಿ ಬೀಸಬೇಕಾದರೆ ಅವನು ಒಂದು ಮಾರು ದೂರದಲ್ಲಿರಬೇಕು. ಅಷ್ಟು ಹತ್ತಿರ ಬಂದವನ ಕೈಗೆ ಅದೇ ಕತ್ತಿ ಹೋಗಲು ಎಷ್ಟು ಹೊತ್ತು? ಮನೆಯಲ್ಲಿ ಒಬ್ಬರೇ ಇರುವವರಿಗೆ ಬೇಕಾದ್ದು ಹೊಡೆದು ಗೆಲ್ಲುವ ಸಾಧನವಲ್ಲ. ಅಪಾಯವನ್ನು ದೂರ ಇಟ್ಟು, ನಾಲ್ಕು ಜನ ಬರುವವರೆಗೆ ಹೊತ್ತು ಗಳಿಸಿಕೊಡುವ ಸಾಧನ.

ಮೊದಲ ಸ್ಥಾನ ಬೆಳಕಿಗೆ

ಒಂದು ಒಳ್ಳೆಯ ಎಲ್‌ಇಡಿ ಟಾರ್ಚು ಹತ್ತು ಕತ್ತಿಗೆ ಸಮ. ಕಳ್ಳನ ಕಣ್ಣಿಗೆ ನೇರವಾಗಿ ಬಿಟ್ಟರೆ ಅವನಿಗೆ ನೀವು ಕಾಣುವುದಿಲ್ಲ, ನಿಮಗೆ ಅವನು ಕಾಣುತ್ತಾನೆ. ದಾರಿಯಲ್ಲಿ ಹಾವೋ ಹಂದಿಯೋ ಇದ್ದರೆ ಮೊದಲೇ ಗೊತ್ತಾಗುತ್ತದೆ. ತೋಟಕ್ಕೆ ಹೋಗುವವರಿಗೆ ತಲೆಗೆ ಕಟ್ಟುವ ಟಾರ್ಚು ಅನುಕೂಲ, ಎರಡೂ ಕೈ ಖಾಲಿ ಇರುತ್ತವೆ. ಚಾರ್ಜ್ ಮಾಡುವ ಟಾರ್ಚಿನ ಜತೆ ಸೆಲ್ಲಿನದೂ ಒಂದಿರಲಿ. ಮಳೆಗಾಲದಲ್ಲಿ ಮೂರು ದಿನ ಕರೆಂಟಿಲ್ಲದಿದ್ದರೆ ಚಾರ್ಜ್ ಎಲ್ಲಿಂದ ಬರಬೇಕು ಹೇಳಿ!

ಎರಡನೆಯದು ಸದ್ದು. ಇಪ್ಪತ್ತು-ಮೂವತ್ತು ರೂಪಾಯಿಯ ಒಂದು ಸೀಟಿ ಕೊರಳಲ್ಲಿರಲಿ. ಕೂಗಿದರೆ ಗಂಟಲು ಕಟ್ಟುತ್ತದೆ, ಸೀಟಿಗೆ ಆ ತೊಂದರೆ ಇಲ್ಲ. ದೇವರ ಕೋಣೆಯ ಜಾಗಟೆಯನ್ನೂ ಮರೆಯಬೇಡಿ. ಹೊತ್ತಲ್ಲದ ಹೊತ್ತಲ್ಲಿ ಜಾಗಟೆ ಕೇಳಿದರೆ ಯಾರಾದರೂ ಬಂದೇ ಬರುತ್ತಾರೆ. ಆದರೆ ನೆರೆಮನೆಯವರ ಹತ್ತಿರ ಮೊದಲೇ ಮಾತಾಡಿಕೊಂಡಿರಬೇಕು. ‘ಮೂರು ಸಲ ಸೀಟಿ ಕೇಳಿದ್ರೆ ಬಂದ್ಬಿಡಿ ಅತ್ತಿಗೆ’ ಅಂತ ಹೇಳಿಡಿ, ಅವರಿಗೂ ಅದೇ ಭರವಸೆ ಕೊಡಿ.

ಮೂರನೆಯದು ಕೋಲು. ನಿಮ್ಮ ಎದೆಯೆತ್ತರದ, ಹಿಡಿಗೆ ಸರಿಯಾಗಿ ಕೂರುವ ಬಿದಿರಿನ ಅಥವಾ ಬೆತ್ತದ ಕೋಲು ಸಾಕು. ನೆಲ ಕುಟ್ಟುತ್ತಾ ನಡೆದರೆ ಅದುರಿಗೇ ಹಾವು ಸರಿಯುತ್ತದೆ. ಮೇಲೆರಗುವ ನಾಯಿಯನ್ನು ದೂರ ಇಡಬಹುದು. ಮಳೆಗಾಲದಲ್ಲಿ ಕಾಲುಸಂಕ ದಾಟುವಾಗ, ಹಳ್ಳದ ಆಳ ನೋಡುವಾಗ ಅದೇ ಮೂರನೇ ಕಾಲು. ನೀರು ಸಂಕದ ಮೇಲೆ ಹರಿಯುತ್ತಿದ್ದರೆ ಮಾತ್ರ ಕೋಲನ್ನೂ ನಂಬಬೇಡಿ, ಹಿಂದಿರುಗಿ.

ಕತ್ತಿ ಬೇಡವೇ? ಬೇಕು, ಬಳ್ಳಿ ಸವರಲು, ದಾರಿಗೆ ಬಿದ್ದ ಕೊಂಬೆ ಕಡಿಯಲು. ನಿಮ್ಮ ಕೈಗೆ ಹಗುರವಾದದ್ದನ್ನು ಆರಿಸಿ, ಸೊಂಟದ ಕೊಕ್ಕೆಗೆ ಸಿಕ್ಕಿಸಿ. ಬಿಚ್ಚುಗತ್ತಿಯನ್ನು ಕೈಯಲ್ಲಿ ಹಿಡಿದು ಜಾರುವ ಧರೆ ಇಳಿಯುವುದು ಅಪಾಯ.

ಖಾರದ ಪುಡಿ, ಪೆಪ್ಪರ್ ಸ್ಪ್ರೇ

ಖಾರದ ಪುಡಿ ಎರಚಿದರಾಯಿತು ಅನ್ನುತ್ತಾರೆ. ಗಾಳಿ ನಿಮ್ಮ ಕಡೆಗಿದ್ದರೆ? ಕಣ್ಣುಜ್ಜಿಕೊಂಡು ಕೂರುವವರು ನೀವೇ! ಸ್ಪ್ರೇ ಅದಕ್ಕಿಂತ ವಾಸಿ. ಡಬ್ಬಿಯ ಮೇಲಿನ ದಿನಾಂಕ ನೋಡಿ ಕೊಳ್ಳಿ, ಅವಧಿ ಮುಗಿದರೆ ಒತ್ತಡ ಕಡಿಮೆಯಾಗಿರುತ್ತದೆ. ಬಯಲಲ್ಲಿ ಒಮ್ಮೆ ಹೊಡೆದು ನೋಡಿ ಅಭ್ಯಾಸ ಮಾಡಿಕೊಳ್ಳಿ. ಬ್ಯಾಗಿನ ತಳದಲ್ಲಿದ್ದರೆ ಪ್ರಯೋಜನವಿಲ್ಲ. ಒಂದು ಎಚ್ಚರಿಕೆ: ಜಗಳಕ್ಕೆಲ್ಲ ಇದನ್ನು ಬಳಸುವಂತಿಲ್ಲ. 2024ರಲ್ಲಿ ಕರ್ನಾಟಕ ಹೈಕೋರ್ಟ್ ಪ್ರಕರಣವೊಂದರಲ್ಲಿ ಪೆಪ್ಪರ್ ಸ್ಪ್ರೇಯನ್ನು ಅಪಾಯಕಾರಿ ಆಯುಧವೆಂದೇ ಕಂಡಿದೆ.

ಕೋವಿಯ ಮಾತು

ಬೆಳೆ ರಕ್ಷಣೆಗೆಂದು ಲೈಸೆನ್ಸ್ ಪಡೆದ ಕೋವಿ ಮಲೆನಾಡಿನ ಹಲವು ಮನೆಗಳಲ್ಲಿದೆ. ಆದರೆ ಅದು ಲೈಸೆನ್ಸ್ ಇದ್ದವರಿಗೆ ಮಾತ್ರ. ಯಜಮಾನರ ಹೆಸರಿನ ಕೋವಿಯನ್ನು ನೀವು ಹೊತ್ತು ತಿರುಗುವಂತಿಲ್ಲ. ತುಂಬಿಟ್ಟ ಕೋವಿ ಮಕ್ಕಳ ಕೈಗೆ ಸಿಕ್ಕರೆ ಆಗುವ ಅನಾಹುತ ಹೇಳಬೇಕಿಲ್ಲ. ಕೋವಿ, ಗುಂಡು ಬೇರೆ ಬೇರೆ ಕಡೆ ಬೀಗದಲ್ಲಿರಲಿ.

ಅದಕ್ಕಿಂತ ಘೋರವಾದದ್ದು ತೋಟದ ಬೇಲಿಗೆ ನೇರ ಕರೆಂಟು ಕೊಡುವುದು, ಹಂದಿಗೆ ಉರುಳು, ಸಿಡಿಮದ್ದು ಇಡುವುದು. ಇದು ಅಪರಾಧ. ಅಷ್ಟೇ ಅಲ್ಲ, ಬೆಳಗ್ಗೆ ಹುಲ್ಲಿಗೆ ಹೋಗುವವರು ನೀವೇ, ಮೊದಲು ತಂತಿ ಮುಟ್ಟುವವರೂ ನೀವೇ. ಸೋಲಾರ್ ಬೇಲಿ ಬೇರೆ, ಅದು ಕ್ಷಣಮಾತ್ರ ಬಡಿದು ಬಿಡುತ್ತದೆ. ಮನೆಯ ಗಂಡಸರು ಲೈನಿನಿಂದ ತಂತಿ ಎಳೆಯುತ್ತೇನೆಂದರೆ ಖಂಡಿತ ಬೇಡ ಅನ್ನಿ.

ಕಾನೂನು ನಿಮ್ಮ ಕಡೆಗಿದೆ, ಆದರೆ...

ಲಾಠಿ, ಊರುಗೋಲಿನಂಥ, ಮನೆ ಮತ್ತು ಕೃಷಿ ಬಳಕೆಗೆಂದೇ ಮಾಡಿದ ವಸ್ತುಗಳನ್ನು 1959ರ ಶಸ್ತ್ರಾಸ್ತ್ರ ಕಾಯ್ದೆ ಶಸ್ತ್ರವೆಂದು ಎಣಿಸುವುದಿಲ್ಲ. ಜೀವ ಉಳಿಸಿಕೊಳ್ಳಲು ತಿರುಗಿ ಬೀಳುವ ಹಕ್ಕೂ ನಿಮಗಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಂಗಳು ಇದನ್ನೇ ಹೇಳುತ್ತವೆ. ಅತ್ಯಾಚಾರ, ಅಪಹರಣ, ಆ್ಯಸಿಡ್ ದಾಳಿಗೆ ಬಂದವನನ್ನು ತಡೆಯುವಾಗ ಅವನ ಪ್ರಾಣ ಹೋದರೂ ಆ ಹಕ್ಕು ನಿಮ್ಮ ಬೆನ್ನಿಗಿರುತ್ತದೆ. ಆದರೆ ಅಪಾಯ ತಡೆಯಲು ಎಷ್ಟು ಬೇಕೋ ಅಷ್ಟೇ ಬಲ ಬಳಸಬೇಕು. ಓಡಿಹೋಗುತ್ತಿರುವವನನ್ನು ಅಟ್ಟಿಸಿ ಹೊಡೆದರೆ ಅದು ಆತ್ಮರಕ್ಷಣೆಯಲ್ಲ.

ಕಾಡಿನ ಶತ್ರು ಕಣ್ಣಿಗೆ ಕಾಣದು

ನಿಜ ಹೇಳಬೇಕೆಂದರೆ ಕಳ್ಳನಿಗಿಂತ ಹೆಚ್ಚಾಗಿ ಕಾಡುವುದು ಸಣ್ಣ ಜೀವಿಗಳು. ಸೊಪ್ಪಿನಬೆಟ್ಟಕ್ಕೆ ದರಕು ತರಲು ಹೋದಾಗ ಮೈಗೆ ಹತ್ತುವ ಉಣುಗಿನಿಂದ ಮಂಗನ ಕಾಯಿಲೆ ಬರುತ್ತದೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಕಾಯಿಲೆ 2018-19ರಲ್ಲಿ ಸಾಗರದ ಅರಳಗೋಡನ್ನು ನಡುಗಿಸಿದ್ದು ಯಾರೂ ಮರೆತಿಲ್ಲ. ಹಳೆಯ ಲಸಿಕೆಯನ್ನು 2022ರಲ್ಲಿ ನಿಲ್ಲಿಸಲಾಗಿದೆ. ಹಾಗಾಗಿ ಡಿಸೆಂಬರ್‌ನಿಂದ ಮೇ ತನಕ ನಿಮ್ಮ ಆಯುಧವೆಂದರೆ ತುಂಬುತೋಳಿನ ಅಂಗಿ, ಆಶಾ ಕಾರ್ಯಕರ್ತೆಯರು ಕೊಡುವ ಡೆಪಾ ತೈಲ, ಮನೆಗೆ ಬಂದೊಡನೆ ಬಿಸಿನೀರು-ಸೋಪಿನ ಸ್ನಾನ. ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ಹಾವಿಗೆ ಮೊಣಕಾಲಿನವರೆಗಿನ ಗಂಬೂಟು ಒಳ್ಳೆಯ ರಕ್ಷೆ. ಹಾಕುವ ಮುಂಚೆ ಬೋರಲು ಮಾಡಿ ಕೊಡವಿ. ರಾತ್ರಿ ಸೊಳ್ಳೆಪರದೆಯ ಅಂಚನ್ನು ಹಾಸಿಗೆಯಡಿ ಸಿಕ್ಕಿಸಿದರೆ ಕಟ್ಟುಹಾವಿನ ಭಯವೂ ಕಡಿಮೆ. ಕಾಳಿಂಗ ಕಂಡರೆ ಕೋಲೆತ್ತಬೇಡಿ. 2024ರಲ್ಲಿ ವಿಜ್ಞಾನಿಗಳು ನಮ್ಮ ಪಶ್ಚಿಮ ಘಟ್ಟದ ಕಾಳಿಂಗವನ್ನು ಪ್ರತ್ಯೇಕ ಪ್ರಭೇದವೆಂದು ಗುರುತಿಸಿ ಕನ್ನಡದ ‘ಕಾಳಿಂಗ’ ಹೆಸರನ್ನೇ ಇಟ್ಟಿದ್ದಾರೆ. ದೂರ ನಿಂತು ಅರಣ್ಯ ಇಲಾಖೆಗೆ ಫೋನ್ ಮಾಡಿ. ಹಾವು ಕಚ್ಚಿದರೆ ಕೊಯ್ಯುವುದು, ಚೀಪುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಬಳೆ, ಉಂಗುರ, ಕಾಲುಂಗುರ ಬಿಚ್ಚಿ, ಕಚ್ಚಿದ ಭಾಗ ಅಲುಗಾಡಿಸದೆ ನೇರ ಆಸ್ಪತ್ರೆಗೆ ಹೋಗಿ. ನಾಟಿ ಮದ್ದಿನವರ ಮನೆಗೆ ಹೋಗಿ ಕಳೆಯುವ ಒಂದು ಗಂಟೆಯೇ ಜೀವಕ್ಕೆ ಮುಳುವಾಗುತ್ತದೆ.

ಸಿಗ್ನಲ್ ಸಿಗದಿದ್ದರೆ?

ಅಂಗಳದ ಯಾವ ಮೂಲೆಯಲ್ಲಿ, ಯಾವ ಕಂಪನಿಯ ಸಿಗ್ನಲ್ ಸಿಗುತ್ತದೆ ಎಂದು ಮನೆಯವರಿಗೆಲ್ಲ ಗೊತ್ತಿರಲಿ. ಮನೆಗೆ ಫೈಬರ್ ಇಂಟರ್ನೆಟ್ ಇದ್ದರೆ ಮೊಬೈಲಿನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿಸಿಕೊಳ್ಳಿ, ಸಿಗ್ನಲ್ ಇಲ್ಲದಿದ್ದರೂ ಮಾತಾಡಬಹುದು. ಮೋಡೆಮ್ಮಿಗೆ ಸಣ್ಣ ಯುಪಿಎಸ್ ಹಾಕಿಸಿದರೆ ಕರೆಂಟು ಹೋದಾಗಲೂ ನಡೆಯುತ್ತದೆ.

ಅಪಾಯ ಮನೆಯೊಳಗೇ ಇದ್ದರೆ?

ಎಲ್ಲ ಬಾಗಿಲು ಭದ್ರ ಮಾಡಿಕೊಂಡ ಮೇಲೂ ಕೆಲವರಿಗೆ ಭಯ ಹೋಗುವುದಿಲ್ಲ. ಕಾರಣ, ಹೊಡೆಯುವವನು ಒಳಗೇ ಇರುತ್ತಾನೆ. ಇಂಥ ಮನೆಯಲ್ಲಿ ಕತ್ತಿ, ಕೋವಿ, ಕೊಡಲಿ ಕೈಗೆ ಸಿಗುವಂತಿದ್ದಷ್ಟೂ ನಿಮಗೇ ಅಪಾಯ. ಕುಡಿದು ಬರುವ ಹೊತ್ತಿಗೆ ಅವು ಕಣ್ಣಿಗೆ ಬೀಳದಿರಲಿ. ಗಲಾಟೆ ಶುರುವಾದರೆ ಅಡುಗೆಮನೆಯೊಳಗೆ ಹೋಗಬೇಡಿ, ಹೊರಬಾಗಿಲ ಕಡೆ ಸರಿಯಿರಿ. ಆಧಾರ್, ಬ್ಯಾಂಕ್ ಪಾಸ್‌ಬುಕ್, ಸ್ವಲ್ಪ ದುಡ್ಡು, ಒಂದು ಜತೆ ಬಟ್ಟೆಯ ಚೀಲವನ್ನು ನಂಬಿಕಸ್ಥರ ಮನೆಯಲ್ಲಿಡಿ. 181ಕ್ಕೆ ಫೋನ್ ಮಾಡಿ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ಅದೇ ಮನೆಯಲ್ಲಿ ವಾಸಿಸುವ ಹಕ್ಕನ್ನೂ ರಕ್ಷಣಾ ಆದೇಶವನ್ನೂ ಕೇಳಬಹುದು. ಇದರಲ್ಲಿ ನಾಚಿಕೆ ಪಡಬೇಕಾದವರು ನೀವಲ್ಲ.

ಇವತ್ತೇ ಮಾಡಿಡಿ

* ಟಾರ್ಚು, ಸೀಟಿ, ಕೋಲು ಒಂದೇ ಜಾಗದಲ್ಲಿ, ಮಲಗುವ ಕೋಣೆಯ ಬಾಗಿಲ ಹತ್ತಿರ ಇರಲಿ.
* ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆಯಿರಿ: ತುರ್ತು ನೆರವು 112, ಆಂಬುಲೆನ್ಸ್ 108, ಮಹಿಳಾ ಸಹಾಯವಾಣಿ 181, ಅರಣ್ಯ ಇಲಾಖೆ 1926. ಜತೆಗೆ ನೆರೆಮನೆಯವರ, ಊರಿನ ಜೀಪಿನವರ ನಂಬರೂ ಇರಲಿ.
* ಮಳೆಗಾಲಕ್ಕೆ ಒಂದು ಗಂಟು: ಬೆಂಕಿಪೊಟ್ಟಣ (ಪ್ಲಾಸ್ಟಿಕ್ಕಿನಲ್ಲಿ), ಮೇಣದಬತ್ತಿ, ಪವರ್ ಬ್ಯಾಂಕ್, ಹಗ್ಗ, ವಾರದ ಮಾತ್ರೆ, ಓಆರ್‌ಎಸ್ ಪೊಟ್ಟಣ.
* ಹಿತ್ತಲ ಬಾಗಿಲಿನ ಚಿಲಕ ಗಟ್ಟಿಯಿದೆಯೇ ನೋಡಿ. ಅಪರಿಚಿತರೊಡನೆ ಕಿಟಕಿಯಿಂದಲೇ ಮಾತಾಡಿ. ‘ಇವ್ರು ಮನೇಲಿಲ್ಲ’ ಅನ್ನಬೇಡಿ, ‘ತೋಟದಲ್ಲಿದ್ದಾರೆ, ಕರೀತೀನಿ’ ಅನ್ನಿ.
* ತಿಂಗಳಿಗೊಮ್ಮೆ ಕರೆಂಟು ಆರಿಸಿ, ಕತ್ತಲಲ್ಲಿ ಇವೆಲ್ಲ ಕೈಗೆ ಸಿಗುತ್ತವೆಯೇ ಎಂದು ಪರೀಕ್ಷಿಸಿ. ಮಕ್ಕಳಿಗೆ ಇದೊಂದು ಆಟ, ನಿಮಗೆ ಅಭ್ಯಾಸ.

ಇಷ್ಟಕ್ಕೆಲ್ಲ ಸೇರಿ ಆಗುವ ಖರ್ಚು ಒಂದು ಸಾಧಾರಣ ಸೀರೆಯ ಬೆಲೆ. ಈ ಸಲದ ಹಬ್ಬಕ್ಕೆ ಸೀರೆಯ ಜತೆ ಒಂದು ಟಾರ್ಚನ್ನೂ ಕೇಳಿ ತರಿಸಿಕೊಳ್ಳಿ!