ರೈಲಿಗೆ ಹೊತ್ತಾಯಿತು, ತೀರ್ಪು ಕೊಡಿ

ಮದುವೆಮನೆಯಲ್ಲಿ ಮದುಮಗನ ಜೊತೆ ಹೊಡೆದಾಡುತ್ತ ಒಬ್ಬ ಸಾಯುತ್ತಾನೆ. ಹೊಸ ಜೋಡಿ ಹಿಡಿಯಬೇಕಾದ ರೈಲಿಗೆ ಹೊತ್ತಾಗುತ್ತಿದೆ. ಸರಿ, ಅಲ್ಲೇ ನ್ಯಾಯ ಪಂಚಾಯಿತಿ ಸೇರುತ್ತದೆ, ನಿಮಿಷಗಳಲ್ಲಿ ‘ನಿರ್ದೋಷಿ’ ಎಂದು ಏಳುತ್ತದೆ. ಊರೆಲ್ಲ ಹಾಡಿ ಬೀಳ್ಕೊಡುತ್ತದೆ.

ಅಮೆರಿಕದ ಶಾಲಾ ಮಕ್ಕಳೂ ಆಡುವ, ಉಲ್ಲಾಸಕ್ಕೆ ಹೆಸರಾದ ಸಂಗೀತ ನಾಟಕ ‘ಓಕ್ಲಹೋಮ!’ ಮುಗಿಯುವುದು ಹೀಗೆ. ರಿಚರ್ಡ್ ರಾಡ್ಜರ್ಸ್ ಸಂಗೀತ, ಆಸ್ಕರ್ ಹ್ಯಾಮರ್‌ಸ್ಟೈನ್ ಮಾತು ಮತ್ತು ಹಾಡು. 1943ರ ಮಾರ್ಚ್ 31ರಂದು, ಯುದ್ಧದ ನಡುವೆ, ಬ್ರಾಡ್‌ವೇಯಲ್ಲಿ ತೆರೆ ಕಂಡು 2,212 ಪ್ರದರ್ಶನ ಓಡಿತು. ಮದುಮಗ ದನಗಾಹಿ ಕರ್ಲಿ, ಮದುಮಗಳು ಹೊಲಮನೆಯ ಹುಡುಗಿ ಲೋರಿ, ಅವಳನ್ನೇ ಬಯಸುವ ಕೂಲಿಯಾಳು ಜಡ್ ಫ್ರೈ. ಸತ್ತವನು ಜಡ್. ಎಪ್ಪತ್ತು ವರ್ಷ ಅವನ ಸಾವಿನ ಮೇಲೆಯೇ ಪ್ರೇಕ್ಷಕರು ಗುನುಗಿಕೊಂಡು ಮನೆಗೆ ಹೋಗಿದ್ದಾರೆ.

ನಿರ್ದೇಶಕ ಡೇನಿಯಲ್ ಫಿಶ್ ಆ ಗುನುಗನ್ನು ಗಂಟಲಲ್ಲೇ ನಿಲ್ಲಿಸಿದರು. 2007ರಲ್ಲಿ ಬಾರ್ಡ್ ಕಾಲೇಜಿನ ವಿದ್ಯಾರ್ಥಿಗಳೊಂದಿಗೆ ಶುರುವಾದ ಪ್ರಯೋಗ 2019ರಲ್ಲಿ ಬ್ರಾಡ್‌ವೇ ತಲುಪಿ, ಮರುಪ್ರಯೋಗಕ್ಕೆ ಸಲ್ಲುವ ಟೋನಿ ಪ್ರಶಸ್ತಿ ಪಡೆಯಿತು. ಏಡೋ ಆ್ಯನಿ ಎಂಬ ಪಾತ್ರದಲ್ಲಿ ನಟಿಸಿದ ಆ್ಯಲಿ ಸ್ಟ್ರೋಕರ್ ಟೋನಿ ಗೆದ್ದ ಮೊದಲ ಗಾಲಿಕುರ್ಚಿ ಬಳಕೆದಾರರಾದರು.

ವಿಶೇಷವೆಂದರೆ, ಮಾತುಗಳನ್ನು ಫಿಶ್ ಹೆಚ್ಚುಕಡಿಮೆ ಮುಟ್ಟಲೇ ಇಲ್ಲ. ದೊಡ್ಡ ವಾದ್ಯವೃಂದದ ಜಾಗಕ್ಕೆ ಏಳು ಜನರ ಹಳ್ಳಿ ಬ್ಯಾಂಡ್ ಬಂತು. ರಂಗದಂತೆಯೇ ಪ್ರೇಕ್ಷಕರ ಮೇಲೂ ದೀಪ ಉರಿಯುತ್ತಿತ್ತು, ವಿರಾಮದಲ್ಲಿ ಎಲ್ಲರಿಗೂ ಬಿಸಿ ಚಿಲಿ, ಮೆಕ್ಕೆಜೋಳದ ಬ್ರೆಡ್. ಊರ ಹಬ್ಬಕ್ಕೆ ಕರೆದ ಹಾಗೆ. ಆದರೆ ಸುತ್ತಲಿನ ಗೋಡೆ ತುಂಬ ಬಂದೂಕುಗಳು.

ವಿರಾಮಕ್ಕೆ ಮುಂಚೆಯೇ ಕರ್ಲಿ ಜಡ್‌ನ ಹೊಗೆಕೋಣೆಗೆ ಬರುತ್ತಾನೆ. ‘ನೀನು ನೇಣು ಹಾಕಿಕೊಂಡರೆ ಊರೆಲ್ಲ ಅತ್ತೀತು’ ಎಂಬ ಧಾಟಿಯಲ್ಲಿ ಅವನನ್ನು ಸಾವಿನತ್ತ ಪುಸಲಾಯಿಸುವ ಹಾಡು ಅಲ್ಲಿದೆ. ತಮಾಷೆಯ ಹಾಡೆಂದೇ ಹೆಸರು. ಫಿಶ್ ಇಲ್ಲಿ ಎಲ್ಲ ದೀಪ ಆರಿಸಿದರು. ಗಾಢ ಕತ್ತಲಲ್ಲಿ ಎರಡು ದನಿ, ಮೈಕಿನ ಹತ್ತಿರ ಬಿಡುವ ಉಸಿರು. ಗೋಡೆಯ ಮೇಲೆ ಕ್ಯಾಮೆರಾ ತೋರಿಸುವ ಜಡ್‌ನ ದೊಡ್ಡ ಮುಖ. ಪದ ಬದಲಾಗಿಲ್ಲ. ನಗು ಮಾತ್ರ ಎಲ್ಲೋ ಹೋಯಿತು.

ಈ ಕಪ್ಪನ್ನು ಬಳಿದವರು ಫಿಶ್ ಅಲ್ಲ. ಮೂಲ ನಾಟಕ ‘ಗ್ರೀನ್ ಗ್ರೋ ದ ಲೈಲಾಕ್ಸ್’ ಬರೆದ ಲಿನ್ ರಿಗ್ಸ್ ಚೆರೊಕೀ ರಕ್ತದವರು, ಓಕ್ಲಹೋಮ 1907ರಲ್ಲಿ ರಾಜ್ಯವಾಗುವ ಮುನ್ನ ಅದೇ ನೆಲದಲ್ಲಿ ಹುಟ್ಟಿದವರು. 1931ರಲ್ಲಿ ಬ್ರಾಡ್‌ವೇಗೆ ಬಂದ ಅವರ ನಾಟಕದಲ್ಲಿ ಕರ್ಲಿಗೆ ಬಿಡುಗಡೆಯಿಲ್ಲ. ಹೆಂಡತಿಯ ಜೊತೆ ಒಂದು ರಾತ್ರಿ ಕಳೆಯಲು ಜನ ಬಿಡುತ್ತಾರೆ, ಬೆಳಗಾದರೆ ವಿಚಾರಣೆ ಕಾದೇ ಇದೆ. ಅವಸರದ ತೀರ್ಪು ಸಂಗೀತ ನಾಟಕದವರ ಸೇರ್ಪಡೆ.

ಕೊನೆಯ ಬಗ್ಗೆ ಮಾತ್ರ ನನ್ನದೊಂದು ತಕರಾರಿದೆ. 1943ರ ಜಡ್ ಜಗಳದಲ್ಲಿ ತನ್ನ ಚಾಕುವಿನ ಮೇಲೆಯೇ ಬೀಳುತ್ತಾನೆ. ಫಿಶ್‌ನ ಜಡ್ ಮದುಮಗನಿಗೆ ಬಂದೂಕನ್ನು ಉಡುಗೊರೆ ಕೊಟ್ಟು ಎದುರು ನಿಲ್ಲುತ್ತಾನೆ. ಕರ್ಲಿ ಗುಂಡು ಹಾರಿಸುತ್ತಾನೆ, ವಧೂವರರ ಬಿಳಿ ಬಟ್ಟೆಗೆ ರಕ್ತ ಸಿಡಿಯುತ್ತದೆ. ನೋಡಿದವರು ಮರೆಯಲಾರರು, ನಿಜ. ಆದರೆ ಆಕಸ್ಮಿಕವೋ ಕೊಲೆಯೋ ಎಂಬ ಮಸುಕಿನಲ್ಲಿ ಆ ಪಂಚಾಯಿತಿ ಇನ್ನೂ ಭಯಾನಕವಾಗಿತ್ತಲ್ಲವೇ? ತಿಳಿಯಬೇಕಾದ್ದೊಂದು ಇದ್ದಾಗಲೂ ತಿಳಿಯುವ ಮನಸ್ಸಿಲ್ಲದ ಊರು ಅದು. ಗುಂಡು ಆ ಪ್ರಶ್ನೆಯನ್ನೂ ಕೊಂದಿತು.

ಈ ತಕರಾರನ್ನು ಸ್ವಲ್ಪ ಸಡಿಲಿಸುವವರು ಪ್ಯಾಟ್ರಿಕ್ ವೇಲ್. 2007ರಲ್ಲಿ ವಿದ್ಯಾರ್ಥಿಯಾಗಿ ಜಡ್ ಆದವರು, ಬ್ರಾಡ್‌ವೇಯಲ್ಲೂ 2022ರಲ್ಲಿ ಲಂಡನ್ನಿನ ಯಂಗ್ ವಿಕ್‌ನಲ್ಲೂ ಜಡ್ ಅವರೇ. ಅಬ್ಬರವಿಲ್ಲ, ಹಲ್ಲು ಕಡಿಯುವುದಿಲ್ಲ. ಯಾರೂ ಜೊತೆಗೆ ಕೂರಿಸಿಕೊಳ್ಳದ ಹುಡುಗನ ಹಾಗೆ ಬಂದು, ಉಡುಗೊರೆಯ ಪೆಟ್ಟಿಗೆ ಕೈಗಿಟ್ಟು, ಸುಮ್ಮನೆ ನಿಲ್ಲುತ್ತಾರೆ.