ಲ್ಯಾಕ್ಸ್‌ಟನ್: ಬೇಲಿ ಹಾಕದ ಹೊಲಗಳ ಹಳ್ಳಿ

ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ಶೈರ್ ಪ್ರಾಂತ್ಯದ ಪುಟ್ಟ ಗ್ರಾಮ ಲ್ಯಾಕ್ಸ್‌ಟನ್‌ನಲ್ಲಿ ನೋಡತಕ್ಕದ್ದು ಹೆಚ್ಚೇನಿಲ್ಲವೆಂದು ಅವಸರದ ಪ್ರವಾಸಿಗೆ ಅನ್ನಿಸಬಹುದು. ನಾರ್ಮನ್ನರ ಕೋಟೆಯಿದ್ದ ಜಾಗದಲ್ಲಿ ಈಗಿರುವುದು ಮಣ್ಣಿನ ದಿಬ್ಬ ಮತ್ತು ಕಂದಕ. ಹಳೆಯ ಚರ್ಚೊಂದಿದೆ; ಅಡ್ಡಾಡುವ ದನಗಳನ್ನು ಕೂಡಿಹಾಕುತ್ತಿದ್ದ ದೊಡ್ಡಿಯಿದೆ. ಊರಿನ ನಿಜವಾದ ಸ್ಮಾರಕವಿರುವುದು ಹೊರಗಡೆ: ವೆಸ್ಟ್ ಫೀಲ್ಡ್, ಮಿಲ್ ಫೀಲ್ಡ್, ಸೌತ್ ಫೀಲ್ಡ್ ಎಂಬ ಮೂರು ವಿಶಾಲ ಹೊಲಗಳು.

ಮಧ್ಯಯುಗದಲ್ಲಿ ಇಂಗ್ಲೆಂಡಿನ ಹಲವು ಭಾಗಗಳ ಬೇಸಾಯ ಹೀಗೆಯೇ ಇತ್ತು. ಬೇಲಿಯಿಲ್ಲದ ಹೊಲವನ್ನು ಉದ್ದನೆಯ ಪಟ್ಟಿಗಳಾಗಿ ವಿಂಗಡಿಸಲಾಗುತ್ತಿತ್ತು. ಒಬ್ಬೊಬ್ಬ ರೈತನ ಪಟ್ಟಿಗಳು ಮೂರೂ ಹೊಲಗಳಲ್ಲಿ ಚದುರಿರುತ್ತಿದ್ದವು. ಒಂದು ಹೊಲಕ್ಕೆ ಚಳಿಗಾಲದ ಗೋಧಿ, ಮತ್ತೊಂದಕ್ಕೆ ವಸಂತದ ಬೆಳೆ, ಮೂರನೆಯದು ಬೀಳು. ಚದುರಿದ ಹಿಡುವಳಿಯನ್ನು ಅದಕ್ಷತೆಯೆಂದು ಹಳಿಯುವುದು ಸುಲಭ. ಆದರೆ ಅದು ರೈತನ ಪಾಲಿಗೆ ಒಂದು ಬಗೆಯ ವಿಮೆಯಾಗಿತ್ತೆಂದು ಅರ್ಥಶಾಸ್ತ್ರಜ್ಞೆ ಡೀಡ್ರೆ ಮೆಕ್‌ಕ್ಲಾಸ್ಕಿ 1976ರಲ್ಲಿ ವಾದಿಸಿದರು. ತಗ್ಗಿನ ಪಟ್ಟಿಯಲ್ಲಿ ನೀರು ನಿಂತರೆ ದಿಬ್ಬದ ಪಟ್ಟಿ ಕೈಹಿಡಿಯುತ್ತದೆ.

1604 ಮತ್ತು 1914ರ ನಡುವೆ ಬ್ರಿಟಿಷ್ ಸಂಸತ್ತು 5,200ಕ್ಕೂ ಹೆಚ್ಚು ಕಾಯಿದೆಗಳ ಮೂಲಕ ಸುಮಾರು 68 ಲಕ್ಷ ಎಕರೆಗೆ ಬೇಲಿ ಹಾಕಿಸಿತು. ಇಳುವರಿ ಹೆಚ್ಚಿತು, ನಿಜ. ದನ ಮೇಯಿಸುವ ಹಕ್ಕನ್ನೇ ನಂಬಿದ್ದ ಬಡವರು ಅದನ್ನು ಕಳೆದುಕೊಂಡರು. ಈ ಪ್ರವಾಹದಲ್ಲಿ ಲ್ಯಾಕ್ಸ್‌ಟನ್ ಒಂದಿಷ್ಟು ಕರಗಿದರೂ ಉಳಿಯಿತು. 1635ರಲ್ಲಿ ಮಾರ್ಕ್ ಪಿಯರ್ಸ್ ಅಳೆದು ಬರೆದ ಇದರ ನಕ್ಷೆ ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿದೆ. ಪಟ್ಟಿಪಟ್ಟಿಯಾಗಿ ಗುರುತಿಸಿದ ಅದನ್ನು ಕಂಡರೆ ನಮ್ಮ ಭೂಮಾಪನ ಇಲಾಖೆಯವರಿಗೆ ಅಸೂಯೆಯಾದೀತು.

ಉಳಿದದ್ದು ನಕ್ಷೆಯಿಂದಲ್ಲ, ಪ್ರತಿ ವರ್ಷದ ಹದ್ದುಬಸ್ತಿನಿಂದ. ನವೆಂಬರ್ ಕೊನೆಯಲ್ಲಿ ರೈತರದೇ ಜ್ಯೂರಿ ಗೋಧಿ ಬಿತ್ತಿದ ಹೊಲವನ್ನು ಕಾಲ್ನಡಿಗೆಯಲ್ಲಿ ಸುತ್ತಿ ಗಡಿಗೂಟ ನೆಡುತ್ತದೆ. ಸಾರ್ವಜನಿಕ ದಾರಿಗೋ ಹುಲ್ಲುಪಟ್ಟಿಗೋ ನೇಗಿಲು ಚಾಚಿದವನ ಹೆಸರು ಬರೆದುಕೊಳ್ಳುತ್ತದೆ. ಅನಂತರ ಊರಿನ ಡವ್‌ಕೋಟ್ ಪಾನಗೃಹದಲ್ಲಿ ಕೂಡುವ 'ಕೋರ್ಟ್ ಲೀಟ್' ದಂಡ ವಿಧಿಸುತ್ತದೆ. ದಂಡದ ಮೊತ್ತ ಅಲ್ಪ. ನೆರೆಹೊರೆಯವರ ಮುಂದೆ ಹೆಸರು ಓದಿಸಿಕೊಳ್ಳುವುದೇ ದೊಡ್ಡದು. ಇಂಥ ನ್ಯಾಯಾಲಯಗಳ ಅಧಿಕಾರವನ್ನು 1977ರ ಕಾಯಿದೆ ರದ್ದುಪಡಿಸಿದಾಗ ಲ್ಯಾಕ್ಸ್‌ಟನ್ನಿಗೆ ವಿನಾಯಿತಿ ದೊರೆಯಿತು. ಸಾಮೂಹಿಕ ಸಂಪತ್ತು ದುರ್ಬಳಕೆಯಿಂದ ನಾಶವಾಗಲೇಬೇಕೆಂದು 1968ರಲ್ಲಿ ಬರೆದ ಗ್ಯಾರೆಟ್ ಹಾರ್ಡಿನ್ ಇಂಥ ಊರುಗಳನ್ನು ಗಮನಿಸಿರಲಿಲ್ಲ. ಗಮನಿಸಿದ ಎಲಿನರ್ ಆಸ್ಟ್ರಮ್‌ಗೆ 2009ರಲ್ಲಿ ನೊಬೆಲ್ ಬಂತು.

ಆದರೂ ಜ್ಯೂರಿಯ ಕೈ ಗೇಣಿದಾರರವರೆಗೆ ಮಾತ್ರ ಚಾಚುತ್ತದೆ. ಭೂಮಿ ಯಾರದೆಂಬುದನ್ನು ನಿರ್ಧರಿಸುವವರು ಬೇರೆ. ಮ್ಯಾನ್ವರ್ಸ್ ಮನೆತನದಿಂದ 1952ರಲ್ಲಿ ಕೃಷಿ ಸಚಿವಾಲಯ ಇದನ್ನು ಕೊಂಡದ್ದು ರಕ್ಷಣೆಗಾಗಿಯೇ. 1981ರಲ್ಲಿ ಅದು ಕ್ರೌನ್ ಎಸ್ಟೇಟಿಗೆ ಹೋಯಿತು. 2020ರಲ್ಲಿ ಕ್ರೌನ್ ಎಸ್ಟೇಟು ಅದನ್ನು ಮಾರಿತು. ಕೊಂಡದ್ದು ಅದೇ ಹಳೆಯ ಮನೆತನದ ಥೋರ್ಸ್‌ಬಿ ಎಸ್ಟೇಟ್. ಪದ್ಧತಿ ಮುಂದುವರಿದಿದೆ. ಸರ್ಕಾರ ರಕ್ಷಣೆಗೆಂದು ಪಡೆದುಕೊಂಡದ್ದನ್ನು ಮತ್ತೆ ಖಾಸಗಿ ಸದ್ಭಾವನೆಗೆ ಒಪ್ಪಿಸಿದ್ದು ಮಾತ್ರ ನನಗೆ ಒಪ್ಪಿಗೆಯಾಗಿಲ್ಲ.